ಹೆಂಡತಿಗೆ ಥ್ಯಾಂಕ್ಸ್ ಹೇಳಿದ ಇಪ್ಪತ್ತೆರಡು ದಿನ

ನಮ್ಮ ಕಡೆಯ ಮನೆಗಳಲ್ಲಿ ಗಂಡ ಹೆಂಡತಿಗೆ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಧನ್ಯವಾದ ಎಂಬ ಪದ ನಮಗೆ ಗೊತ್ತಿಲ್ಲವೆಂದಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕೊನೆಗೊಬ್ಬರು ಚೀಟಿ ಹಿಡಿದು ವಂದನಾರ್ಪಣೆಗೆ ನಿಲ್ಲುತ್ತಾರಲ್ಲ, ಆಗ ಕೇಳಿರುತ್ತೇವೆ. ಕೇಳುತ್ತಲೇ ಕುರ್ಚಿಯ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕುತ್ತಿರುತ್ತೇವೆ. ಹೀಗಾಗಿ ಧನ್ಯವಾದವೆಂದರೆ ಕಾರ್ಯಕ್ರಮ ಮುಗಿಯಿತು ಎಂದೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಧಾರವಾಡದಲ್ಲಿ ನಮ್ಮ ತಂದೆ ಊಟ ಮುಗಿಸಿ ಏಳುವಾಗ ವರ್ಷಕ್ಕೆ ಒಂದೋ ಎರಡೋ ಸಲ “ಇವತ್ತ ಸಾರಿಗೆ ಉಪ್ಪು ಸರಿ ಬಿದ್ದದ” ಎನ್ನುತ್ತಿದ್ದರು. ಅವ್ವ ಆ ಮಾತನ್ನು ಮುಂದಿನ ಹಬ್ಬದವರೆಗೂ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಇಂಥ ಮನೆಯಿಂದ ಬಂದ ನಾನು ಐವತ್ತಾರನೆಯ ವಯಸ್ಸಿನಲ್ಲಿ ಕೃತಜ್ಞತೆಯ ಅಭ್ಯಾಸ ಶುರುಮಾಡಿ ಮನೆಮಂದಿಯನ್ನೆಲ್ಲ ಹೇಗೆ ಹೆದರಿಸಿದೆ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲ. ಮುಂಬೈಯ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ನಾಲ್ಕನೆಯ ಮಾಳಿಗೆಯಿಂದ ಇಳಿದು ಗೇಟು ದಾಟಿದ ಮೇಲೆ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಮತ್ತೆ ಹತ್ತಿ ಹೋಗಿ ನೋಡುವವನು. ಹೆಂಡತಿ ಗಿರಿಜಾ ಅದೇ ಗ್ಯಾಸಿನ ಮುಂದೆ ನಿಂತು ರೊಟ್ಟಿ ಬಡಿಯುತ್ತಿರುತ್ತಾಳೆ ಎಂಬುದೂ ನನಗೆ ಸಮಾಧಾನ ಕೊಡುವುದಿಲ್ಲ. ನನ್ನ ಉದ್ಯೋಗವೂ ಇದಕ್ಕೆ ತಕ್ಕದ್ದೇ. ವಿಲೆ ಪಾರ್ಲೆಯಲ್ಲಿ, ವಿಮಾನದಲ್ಲಿ ಹೋಗುವ ಸರಕಿನ ಕಾಗದಪತ್ರ ನೋಡುವ ಒಂದು ಆಫೀಸಿನಲ್ಲಿ ಕೆಲಸ. ಎಲ್ಲ ಸರಿಯಿರುವ ಕಾಗದವನ್ನೂ ತಪ್ಪಿದೆಯೆಂದು ನಂಬಿಯೇ ಓದುವುದಕ್ಕೆ ಅಲ್ಲಿ ನನಗೆ ಸಂಬಳ ಕೊಡುತ್ತಾರೆ.

ಇಂಥವನಿಗೆ ಈ ವರ್ಷ ಆಫೀಸಿನವರು ಮಾಡಿಸಿದ ಆರೋಗ್ಯ ತಪಾಸಣೆಯಲ್ಲಿ ಲಿವರಿನ ಮೇಲೊಂದು ಸಣ್ಣ ಚುಕ್ಕೆ ಕಾಣಿಸಿತು. ಡಾಕ್ಟರು ಸೋನೋಗ್ರಫಿಯ ಚಿತ್ರ ನೋಡಿ, ಬಹುತೇಕ ಏನೂ ಇರಲಿಕ್ಕಿಲ್ಲ, ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು. ಬೇರೆಯವರಾಗಿದ್ದರೆ ‘ಏನೂ ಇರಲಿಕ್ಕಿಲ್ಲ’ ಎಂಬುದನ್ನು ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನಾನು ‘ಬಹುತೇಕ’ವನ್ನು ಹಿಡಿದುಕೊಂಡು ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಿರಿಜಾ ಹೆದರಿಯಾಳು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜವೆಂದರೆ, ಬಾಯಿಬಿಟ್ಟು ಹೇಳಿದರೆ ಅದು ಖಾತ್ರಿಯಾಗಿಬಿಡುತ್ತದೆ ಎಂಬ ಭಯ ನನಗೇ ಇತ್ತು.

ಅದೇ ವಾರ ಮಗಳು ನೇಹಾ ಒಂದು ನೋಟ್‌ಬುಕ್ ತಂದುಕೊಟ್ಟಳು. ಅವಳು ಪವಾಯಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಮನಸ್ಸಿನ ಶಾಂತಿಗೆಂದು ಯಾರನ್ನೋ ಕರೆಸಿ ಭಾಷಣ ಮಾಡಿಸಿದ್ದರಂತೆ. “ಪಪ್ಪಾ, ಡೇಲಿ ಮೂರು ಚೀಜ್ ಬರೀಬೇಕು, ಜಿಸ್ಕೆ ಲಿಯೇ ಯೂ ಆರ್ ಗ್ರೇಟ್‌ಫುಲ್. ಔರ್ ರೋಜ್ ಒಂದು ಕೈಂಡ್ ಕೆಲಸ ಮಾಡಬೇಕು. ತುಮ್ಹಾರಾ ಟೆನ್ಷನ್ ಹೋಗ್ತದೆ, ನೋಡಿ” ಎಂದಳು. ಮೂರು ಭಾಷೆಗಳಲ್ಲಿ ಹೇಳಿದ್ದರಿಂದ ಮಾತಿಗೆ ಮೂರು ಪಟ್ಟು ತೂಕ ಬಂದಹಾಗಾಯಿತು. ಬೇರೆ ಸಮಯವಾಗಿದ್ದರೆ ನಕ್ಕು, ಆ ಪುಸ್ತಕದಲ್ಲಿ ಹಾಲಿನವನ ಲೆಕ್ಕ ಬರೆಯಲು ಶುರುಮಾಡುತ್ತಿದ್ದೆ. ಆದರೆ ಒಳಗೆ ಚುಕ್ಕೆ ಕೂತಿತ್ತು. ಒಂದು ತಿಂಗಳು ಬಿಡದೆ ಉಪಕಾರ ಸ್ಮರಿಸಿ ನಾಲ್ಕು ಜನಕ್ಕೆ ಒಳ್ಳೆಯದು ಮಾಡಿದರೆ ಮೇಲಿನವನು ಆ ಚುಕ್ಕೆಯನ್ನು ಅಳಿಸಿದರೂ ಅಳಿಸಿಯಾನು ಎಂದು ಆಸೆಯಾಯಿತು. ಸ್ಪಷ್ಟವಾಗಿ ಹೇಳಬೇಕೆಂದರೆ ದೇವರಿಗೆ ಬೆಣ್ಣೆ ಹಚ್ಚಲು ಕೂತೆ.

ಮೊದಲ ಸಂಜೆಯೇ ಪೇಚಿಗೆ ಸಿಕ್ಕಿದೆ. ‘ಎರಡೂ ಕಾಲು ಗಟ್ಟಿಯಾಗಿವೆ’ ಎಂದು ಬರೆದೆ. ಬರೆದು ಮುಗಿಸುವಷ್ಟರಲ್ಲಿ ಎಡ ಮಂಡಿ ಸ್ವಲ್ಪ ಹಿಡಿದುಕೊಂಡಂತಾಯಿತು. ಎದ್ದು ಹಾಲ್‌ನಲ್ಲಿ ನಾಲ್ಕು ಸುತ್ತು ನಡೆದು ನೋಡಿದೆ. ‘ಕಣ್ಣು ಚೆನ್ನಾಗಿವೆ’ ಎಂದು ಬರೆದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಯಾವಾಗ ಎಂದು ಓದಿದೆ. ‘ಮಗಳು ಕ್ಷೇಮವಾಗಿ ಮನೆಗೆ ಬಂದಳು’ ಎಂದು ಬರೆದ ಮರುದಿನ ಅವಳು ಬರುವುದು ಹತ್ತು ನಿಮಿಷ ತಡವಾದರೂ ಬಾಲ್ಕನಿಯಲ್ಲಿ ನಿಂತೆ. ಅಲ್ಲಿಯವರೆಗೆ ನನಗೆ ಹೆದರಲಿಕ್ಕೆ ಇದ್ದದ್ದು ಒಂದೇ ಚುಕ್ಕೆ. ದಿನಕ್ಕೆ ಮೂರರಂತೆ ಬರೆಯುತ್ತ ಹೋದಹಾಗೆ ಕಳೆದುಕೊಳ್ಳಬಹುದಾದ ವಸ್ತುಗಳ ಯಾದಿಯೇ ತಯಾರಾಯಿತು. ಜೀವನದಲ್ಲಿ ಇಷ್ಟೊಂದು ಒಳ್ಳೆಯದಿದೆ ಎಂದು ಗೊತ್ತಿಲ್ಲದೆ ಎಷ್ಟು ಹಾಯಾಗಿದ್ದೆ!

ಕರುಣೆಯ ಕೆಲಸ ಇನ್ನೂ ಕಷ್ಟ. ಮುಂಬೈಯಲ್ಲಿ ಯಾರಿಗಾದರೂ ಸುಮ್ಮನೆ ಉಪಕಾರ ಮಾಡಲು ಹೋದರೆ ಅವರು ಮೊದಲು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಒಂದು ದಿನ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನನಗೆ ಅಪರೂಪಕ್ಕೆ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಮಲಾಡಿನಲ್ಲಿ ನಮ್ಮ ಶೆಟ್ಟರು ಹತ್ತಿದರು. ಉಡುಪಿ ಕಡೆಯವರು, ಚರ್ಚ್‌ಗೇಟ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು, ನನಗೆ ಹತ್ತು ವರ್ಷದ ರೈಲಿನ ಗೆಳೆಯರು. ಬಂದವರೇ “ಪಾರ್ಲೆ ಅಲ್ವಾ? ಹಾಗಾದ್ರೆ ನಂಗೆ” ಎಂದು ಸೀಟು ಕಾದಿರಿಸಿ ನನ್ನ ಮುಂದೆ ನಿಂತರು. ಲೋಕಲಿನ ಈ ಕಾನೂನು ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ: ಇಳಿಯುವವನ ಸೀಟು ಮೊದಲು ಕೇಳಿದವನಿಗೆ. ಗೋರೆಗಾಂವಿನಲ್ಲಿ ದೊಡ್ಡ ಚೀಲ ಹಿಡಿದ ಒಬ್ಬ ದಣಿದ ಮನುಷ್ಯ ಹತ್ತಿದ. ನನಗೆ ಆವತ್ತಿನ ಕರುಣೆ ಇನ್ನೂ ಬಾಕಿಯಿತ್ತು. ತಟ್ಟನೆ ಎದ್ದು “ಬೈಠಿಯೇ” ಎಂದೆ. ಆತ ಕೂತ. ಎಲ್ಲಿ ಇಳಿಯುವುದೆಂದು ಶೆಟ್ಟರು ಕೇಳಿದರು. “ಚರ್ಚ್‌ಗೇಟ್” ಎಂದವನೇ ಕಣ್ಣು ಮುಚ್ಚಿಕೊಂಡ.

“ಎಂತ ಮಾರಾಯ್ರೆ!” ಶೆಟ್ಟರ ಧ್ವನಿಯಲ್ಲಿ ಸಿಟ್ಟಿಗಿಂತ ನೋವಿತ್ತು. “ಆ ಸೀಟು ನಿಮ್ದಾ? ಪಾರ್ಲೆವರೆಗೆ ನಿಮ್ದು. ಅಲ್ಲಿಂದ ಆಚೆಗೆ ನಂದಲ್ವಾ? ನಂದನ್ನೂ ಸೇರಿಸಿ ದಾನ ಮಾಡ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು?” ಸುತ್ತ ನಿಂತವರೆಲ್ಲ, ಕನ್ನಡ ಬಾರದವರೂ ಸೇರಿ, ಶೆಟ್ಟರ ಪರವಾಗಿ ತಲೆ ಅಲ್ಲಾಡಿಸಿದರು. ನಾಲ್ಕು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಆ ಸಂಜೆ ಇದನ್ನು ಪುಣ್ಯದ ಕಡೆ ಬರೆಯಬೇಕೋ ಪಾಪದ ಕಡೆ ಬರೆಯಬೇಕೋ ತಿಳಿಯದೆ ಆ ಪುಟ ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದರಿಂದ ಚುಕ್ಕೆ ಬೆಳೆದೀತೇನೋ ಎಂದು ಮತ್ತೆರಡು ದಿನ ಚಿಂತೆ.

ಹೊರಗೆ ಮರ್ಯಾದೆ ಹೋದ ಮೇಲೆ ಅಭ್ಯಾಸವನ್ನು ಮನೆಯೊಳಗೆ ತಂದೆ. ಅದೇ ದೊಡ್ಡ ತಪ್ಪು. ಬೆಳಿಗ್ಗೆ ಗಿರಿಜಾ ಚಹಾ ಕೊಟ್ಟಳು. ಕಪ್ಪು ತೆಗೆದುಕೊಂಡು ನಗುಮುಖ ಮಾಡಿ “ಥ್ಯಾಂಕ್ಸ್ ಗಿರಿಜಾ” ಎಂದೆ. ಅವಳು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. “ಯಾರಿಗಂದ್ರಿ?” ಎಂದಳು. ನಿನಗೇ ಎಂದೆ. “ಯಾಕ?” ಎಂದಳು. ಚಹಾ ಕೊಟ್ಟದ್ದಕ್ಕೆ ಎಂದೆ. ಇಪ್ಪತ್ತೇಳು ವರ್ಷದಿಂದ ಕೊಡುತ್ತ ಬಂದ ಚಹಾಕ್ಕೆ ಇವತ್ತೇನು ವಿಶೇಷ ಎಂಬಂತೆ ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಮರುದಿನ ಡಬ್ಬಿ ಕಟ್ಟಿಕೊಟ್ಟದ್ದಕ್ಕೆ ಹೇಳಿದೆ. ಅದರ ಮರುದಿನ ಅಂಗಿಯ ಗುಂಡಿ ಹಚ್ಚಿದ್ದಕ್ಕೆ. ಒಂದು ಭಾನುವಾರ ಬಹಳ ಧೈರ್ಯ ಮಾಡಿ, “ನೀ ಇಷ್ಟು ವರ್ಷ ನನಗ ಭಾಳ ಮಾಡೀದಿ” ಎಂದುಬಿಟ್ಟೆ. ಅವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.

ಆಮೇಲೆ ಮನೆಯ ಹವಾ ಬದಲಾಯಿತು. ಗಿರಿಜಾ ನನ್ನ ಮೇಲೆ ರೇಗುವುದನ್ನು ಬಿಟ್ಟಳು. ಒದ್ದೆ ಟವಲು ಹಾಸಿಗೆಯ ಮೇಲೆ ಬಿಟ್ಟರೆ ತಾನೇ ಎತ್ತಿ ಒಣಹಾಕಿದಳು. ಕೇಳದೆಯೇ ಬದನೆಕಾಯಿ ಎಣಗಾಯಿ ಮಾಡಿದಳು, ವಾರದಲ್ಲಿ ಎರಡು ಸಲ ಹೋಳಿಗೆ ಮಾಡಿದಳು. ನಾನು ಮೊದಲು ಹಿಗ್ಗಿದೆ. ಅಭ್ಯಾಸ ಫಲ ಕೊಡುತ್ತಿದೆ ಎಂದುಕೊಂಡೆ. ಆದರೆ ಒಬ್ಬ ಪುಕ್ಕಲನಿಗೆ ಸುಖ ಹೆಚ್ಚು ದಿನ ತಾಳುವುದಿಲ್ಲ. ಇವಳು ಯಾಕೆ ಇಷ್ಟು ಒಳ್ಳೆಯವಳಾಗಿದ್ದಾಳೆ, ಚುಕ್ಕೆಯ ಸುದ್ದಿ ಗೊತ್ತಾಯಿತೇ, ಡಾಕ್ಟರು ನನಗೆ ಹೇಳದ್ದನ್ನು ಇವಳಿಗೆ ಫೋನು ಮಾಡಿ ಹೇಳಿದರೇ ಎಂದು ಹೊಸ ಹುಳ ಹೊಕ್ಕಿತು. ಅವಳು ನನ್ನನ್ನು ನೋಡುವಳು, ನಾನು ಅವಳನ್ನು ನೋಡುವೆ. ಇಬ್ಬರೂ ನಗುವೆವು.

ಥ್ಯಾಂಕ್ಸ್ ಶುರುವಾಗಿ ಮೂರನೆಯ ವಾರದ ಕೊನೆಗೆ ವಿಜಯಪುರದಿಂದ ಗಿರಿಜಾಳ ಅಣ್ಣ ಮಲ್ಲಣ್ಣ ಬಂದಿಳಿದರು. ಜೋಳದ ಹಿಟ್ಟು, ಶೇಂಗಾ ಚಟ್ನಿ ಹೊತ್ತು, ವ್ಯಾಪಾರದ ಹಂಗಾಮಿನಲ್ಲಿ ಅಂಗಡಿ ಬಿಟ್ಟು ಬಂದಿದ್ದರು. “ಇಲ್ಲೇ ದಾದರಿನ್ಯಾಗ ಸ್ವಲ್ಪ ಕೆಲಸ ಇತ್ರಿ ಭಾವಾರ” ಎಂದವರು ಎರಡು ದಿನವಾದರೂ ದಾದರಿನ ಕಡೆ ಮುಖ ಮಾಡಲಿಲ್ಲ. ಊಟಕ್ಕೆ ಕೂತರೆ ನನ್ನ ತಟ್ಟೆ ನೋಡುತ್ತಿದ್ದರು. ಎಷ್ಟು ರೊಟ್ಟಿ ತಿನ್ನುತ್ತೇನೆ ಎಂದು ಎಣಿಸುತ್ತಿದ್ದಾರೆಂದು ಗೊತ್ತಾಗಿ, ಗಟ್ಟಿಯಾಗಿದ್ದೇನೆಂದು ತೋರಿಸಲು ಎರಡು ಹೆಚ್ಚು ತಿಂದೆ. “ಬ್ಯಾಂಕಿನ ಕಾಗದ ಪತ್ರ ಎಲ್ಲಾ ತಂಗಿಗೆ ತೋರಿಸಿಟ್ಟೀರಿಲ್ರೀ?” ಎಂದು ಅವರು ಮಜ್ಜಿಗೆ ಕುಡಿಯುತ್ತ ಕೇಳಿದಾಗ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಅಷ್ಟು ಸಾಕಾಯಿತು. ಗಿರಿಜಾ ಬಂದು ಎದುರು ನಿಂತಳು. ಕಣ್ಣು ಆಗಲೇ ತುಂಬಿತ್ತು. “ಖರೆ ಹೇಳ್ರಿ. ಏನಾಗೇದ ನಿಮಗ? ಸಾಯಾವರಂಗ ದಿನಾ ಥ್ಯಾಂಕ್ಸ್ ಹೇಳಾಕತ್ತೀರಿ. ನಾ ಇಪ್ಪತ್ತೆರಡು ದಿನ ಕಣ್ಣಿಗೆ ಕಣ್ಣು ಹಚ್ಚಿಲ್ಲ.” ಇನ್ನು ಮುಚ್ಚಿಡಲಾಗಲಿಲ್ಲ. ಚುಕ್ಕೆಯ ವಿಷಯ ಹೇಳಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ, ಸಿಟ್ಟಿಗೆದ್ದಳು. “ಗುಂಡಿ ಹಚ್ಚಿದ್ದಕ್ಕ ಥ್ಯಾಂಕ್ಸ್ ಹೇಳಾಕ ಬಾಯಿ ಇತ್ತು, ಇದನ್ನ ಹೇಳಾಕ ಬಾಯಿ ಇರಲಿಲ್ಲೇನು? ನಾ ಏನು ಬರೇ ಚಹಾ ಮಾಡಾಕ ಇದ್ದೀನಿ?” ಮಲ್ಲಣ್ಣ ಮಜ್ಜಿಗೆಯ ಲೋಟದೊಳಗೆ ನೋಡುತ್ತ ಕೂತರು. ನನಗೆ ನಾಚಿಕೆಯಾಯಿತು. ಅವಳಿಗೆ ಮಾಡಬೇಕಾಗಿದ್ದ ಒಂದೇ ಒಂದು ಒಳ್ಳೆಯ ಕೆಲಸವನ್ನು ಬಿಟ್ಟು, ಬೇರೆ ಸಣ್ಣಪುಟ್ಟವನ್ನೆಲ್ಲ ಮಾಡಿ ಪುಸ್ತಕ ತುಂಬಿಸಿದ್ದೆ.

ಮರುದಿನ ಬೆಳಿಗ್ಗೆಯೇ ಅವಳು ನನ್ನನ್ನು ಸೋನೋಗ್ರಫಿಗೆ ಎಳೆದುಕೊಂಡು ಹೋದಳು. ಇನ್ನೂ ತಿಂಗಳು ತುಂಬಿಲ್ಲ ಎಂದೆ. “ಬಾಯಿ ಮುಚ್ರಿ” ಎಂದಳು. ಮೂರು ವಾರದ ಮೇಲೆ ಕೇಳಿದ ಆ ಮಾತು ಬಹಳ ಹಿತವಾಗಿತ್ತು. ಬೆಂಚಿನ ಮೇಲೆ ಕೂತಾಗ ಅವಳ ಕೈ ನನ್ನ ಕೈ ಮೇಲಿತ್ತು, ತಣ್ಣಗಿತ್ತು. ನನಗಿಂತ ಹೆಚ್ಚು ಹೆದರಿದವರೊಬ್ಬರು ಈ ಲೋಕದಲ್ಲಿದ್ದಾರೆ ಎಂದು ನನಗೆ ಮೊದಲ ಬಾರಿ ಗೊತ್ತಾಯಿತು. ಡಾಕ್ಟರು ಹೊಸ ಚಿತ್ರ, ಹಳೆಯ ಚಿತ್ರ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿ, ಇದು ನಿರುಪದ್ರವಿ, ಹುಟ್ಟಿನಿಂದಲೇ ಇದ್ದಿರಬಹುದು, ಇನ್ನು ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು ಎಂದರು. ಈ ಸಲ ‘ಬಹುತೇಕ’ ಎನ್ನಲಿಲ್ಲ; ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮಲ್ಲಣ್ಣ ಅದೇ ಸಂಜೆಯ ಗಾಡಿಗೆ ಊರಿಗೆ ಹೋದರು. ಗಿರಿಜಾ ಬೈಯಲು ಶುರುಮಾಡಿದಳು, ಬಾಕಿ ಉಳಿದದ್ದನ್ನೂ ಸೇರಿಸಿ ಬೈದಳು, ಮನೆ ಮನೆಯಂತಾಯಿತು. ನೋಟ್‌ಬುಕ್ಕನ್ನು ನೇಹಾಳಿಗೆ ವಾಪಸು ಕೊಟ್ಟೆ. “ಟೆನ್ಷನ್ ಕಮ್ ಹುವಾ ನಾ, ಪಪ್ಪಾ?” ಎಂದಳು. ಹೌದೆಂದೆ.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನಿನ್ನೆ ಸಂಜೆ ಗಿರಿಜಾ ಅಟ್ಟದ ಮೇಲಿನ ದೊಡ್ಡ ಪಾತೆಲಿ ತೆಗೆದುಕೊಡಿರೆಂದಳು. ಸ್ಟೂಲು ಹತ್ತಿ ತೆಗೆದುಕೊಟ್ಟೆ. ಅದನ್ನು ತೆಗೆದುಕೊಂಡು ಮೆಲ್ಲಗೆ “ಥ್ಯಾಂಕ್ಸ್ ರೀ” ಎಂದಳು. ನಾನು ಸ್ಟೂಲಿನ ಮೇಲೆಯೇ ನಿಂತೆ. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. ಈಚೆಗೆ ಊಟ ಕಡಿಮೆ ಮಾಡಿದ್ದಾಳೆಯೇ? ಮೆಟ್ಟಿಲು ಹತ್ತುವಾಗ ಮೂರನೆಯ ಮಾಳಿಗೆಯಲ್ಲಿ ನಿಲ್ಲುತ್ತಾಳಲ್ಲ, ಅದು ಯಾವಾಗಿನಿಂದ? ಮೊನ್ನೆ ಅಣ್ಣನೊಡನೆ ಫೋನಿನಲ್ಲಿ ಅಷ್ಟು ಮೆತ್ತಗೆ ಮಾತಾಡಿದ್ದು ಯಾಕೆ? ಇಳಿದವನೇ ಅಡುಗೆಮನೆಗೆ ಹೋಗಿ, “ಖರೆ ಹೇಳು ಗಿರಿಜಾ, ಏನಾಗೇದ?” ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ, ನನ್ನ ಕಡೆ ನೋಡದೆಯೇ ಹೇಳಿದಳು:

“ಏನೂ ಆಗಿಲ್ಲ. ಹೆಂಗ ಆಗ್ತದಂತ ತೋರಿಸಿದೆ. ನಿಮಗ ಒಂದು ಸಲಕ್ಕ ಇಷ್ಟಾತು. ನನಗ ಇಪ್ಪತ್ತೆರಡು ದಿನ.”

ನಾನು ತಲೆ ತಗ್ಗಿಸಿ ಹೊರಗೆ ಬಂದೆ. ಅವಳು ಹೇಳಿದ್ದು ಪೂರ್ತಿ ಅರ್ಥವಾಯಿತು. ಜನ್ಮದಲ್ಲಿ ಇನ್ನು ಅವಳಿಂದ ಏನನ್ನೂ ಮುಚ್ಚಿಡಬಾರದೆಂದು ನಿಶ್ಚಯಿಸಿದೆ. ಆದರೂ, ಯಾವುದಕ್ಕೂ ಇರಲಿ ಎಂದು, ಅವಳ ಹೆಸರಿನಲ್ಲಿ ಎಲ್ಲ ತಪಾಸಣೆಗೂ ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಲ್ಯಾಬಿನಲ್ಲಿ ಸಮಯ ಗೊತ್ತುಮಾಡಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.