ಹೆಬ್ಬೆರಳಷ್ಟು ಟಾರ್ಚು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಗ್ಗೆ ಎಂಟು ಗಂಟೆಗೇ ಬಿಸಿಲು ಹೇಳದೆ ಕೇಳದೆ ಮನೆಯೊಳಗೆ ಬಂದು ಕೂತಿತ್ತು. ಅಷ್ಟು ಬೆಳಕಿನಲ್ಲಿ ಮೀಟರಣ್ಣ ಟಾರ್ಚು ಕೊಳ್ಳಲು ಹೊರಟ.

ಮನೆಮನೆಗೆ ಹೋಗಿ ನೀರಿನ ಮೀಟರು ಓದುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ತಿರುಗಿ ತಿರುಗಿ, ಯಾವ ಗೇಟು ಕಿರುಗುಟ್ಟುತ್ತದೆ, ಯಾವ ನಾಯಿ ಬೊಗಳಿ ಸುಮ್ಮನಾಗುತ್ತದೆ, ಯಾವುದು ಬೊಗಳದೆ ಹಿಡಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆ ತಿರುಗಾಟವೇ ಅವನ ಪ್ರಾಣ. ಈಗ ಅದಕ್ಕೇ ಸಂಚಕಾರ ಬಂದಿತ್ತು. ಕಳೆದ ತಿಂಗಳು ಅವನು ಬರೆದುಕೊಟ್ಟ ಅಂಕಿ ನಂಬುವುದಾದರೆ, ಮೂಲೆಮನೆಯ ಟೀಚರಮ್ಮ ದಿನಾ ಎರಡು ಆನೆ ತೊಳೆಯುತ್ತಿರಬೇಕು. ಆಕೆ ಆಫೀಸಿಗೇ ಬಂದು ಜಾಡಿಸಿ ಹೋಗಿದ್ದರು.

"ಮೀಟರಿನ ಗುಂಡೀಲಿ ಕತ್ತಲು ಸಾರ್. ಬೆಳಕು ಸಾಲದು," ಎಂದಿದ್ದ ಮೀಟರಣ್ಣ.

"ಹಾಗಾದ್ರೆ ಬೆಳಕು ತಗೊಂಡ್ ಬಾರಯ್ಯ," ಎಂದಿದ್ದರು ಸಾಹೇಬರು. "ನಾಳೆ ಹನ್ನೊಂದಕ್ಕೆ ಆ ಮನೆಗೆ ನಾನೂ ಬರ್ತೀನಿ. ಮತ್ತೆ ತಪ್ಪಿದ್ರೆ ತಿರುಗಾಟ ಬಂದ್. ನೆಲಮಾಳಿಗೇಲಿ ಕೂತು ಹಳೇ ಫೈಲು ಜೋಡಿಸು."

ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದಳು. "ಟಾರ್ಚು ಯಾಕ್ರೀ? ಕಣ್ಣು ತೋರಿಸ್ಕೊಳ್ಳಿ."

"ಕಣ್ಣು ಗಟ್ಟಿಯಾಗಿದೆ ಕಣೇ. ಬೆಳಕು ಸಾಲದು."

ಟಾರ್ಚಿನ ಅಂಗಡಿಗೆ ಅಂಟಿಕೊಂಡಂತೆ ಕ್ಷೌರದ ಅಂಗಡಿ. ಗಿರಾಕಿಯ ಮುಖಕ್ಕೆ ನೊರೆ ಬಳಿದು, ಹಾಗೇ ಬಿಟ್ಟು, ಕ್ಷೌರಿಕ ಸಲಹೆ ಕೊಡಲು ಓಡಿ ಬಂದ.

ಅಂಗಡಿಯವನು ಮೊದಲು ತೆಗೆದದ್ದು ಒನಕೆಯಂಥ ಟಾರ್ಚು.

"ಇದನ್ನ ಹಿಡ್ಕೊಂಡು ಗೇಟು ತೆಗೆದ್ರೆ ಜನ ಕಳ್ಳ ಅಂತ ಕಟ್ಟಿಹಾಕ್ತಾರೆ," ಎಂದ ಕ್ಷೌರಿಕ.

ಎರಡನೆಯದು ಪೆನ್ನಿನಂಥದು.

"ಇದಕ್ಕಿಂತ ನನ್ನ ಗಿರಾಕಿ ತಲೆ ಹೊಳೆಯುತ್ತೆ."

"ನಂಗೆ ಕೇಳಿಸ್ತಾ ಇದೆ!" ಪಕ್ಕದಿಂದ ನೊರೆಯ ದನಿ ಬಂತು.

ಆಗ ಅಂಗಡಿಯವನು ಒಳ್ಳೆಯ ಸಂಬಂಧ ತಂದವನ ಹಾಗೆ ದನಿ ತಗ್ಗಿಸಿ, ಹೆಬ್ಬೆರಳಷ್ಟು ಗಾತ್ರದ್ದೊಂದನ್ನು ಅಂಗೈಯಲ್ಲಿಟ್ಟ. "ದಿನಾ ಜೇಬಲ್ಲಿಟ್ಕೊಳ್ಳೋಕೆ ಇದೇ. ಒಂದ್ಸಲ ಒತ್ತಿದ್ರೆ ಮಂದ, ಎರಡು ಸಲಕ್ಕೆ ಜೋರು. ಮೂರನೇದು ಮಾತ್ರ…"

ಕ್ಷೌರಿಕ ಮೂರನೇ ಸಲವೂ ಒತ್ತಿಯೇಬಿಟ್ಟ. ಬೆಳಕು ಪಕ್ಕದಂಗಡಿಯ ಕನ್ನಡಿಗೆ ಬಡಿದು ಗಿರಾಕಿಯ ಮುಖಕ್ಕೆ ಹಾರಿತು.

"ಅಯ್ಯಯ್ಯೋ, ಕಣ್ಣು ಹೋಯ್ತು!"

"ಇದೇ ಕೊಡಿ," ಎಂದ ಮೀಟರಣ್ಣ, ಮುಖ ಅರಳಿಸಿ.

ಬಸ್ಸಿನಲ್ಲಿ ನೂಕುನುಗ್ಗಲು. ಯಾರದೋ ಚೀಲ ತಾಗಿ ಜೇಬಿನಲ್ಲೇ ಟಾರ್ಚು ಹತ್ತಿಕೊಂಡಿತು. ತೆಳ್ಳನೆಯ ಪ್ಯಾಂಟಿನೊಳಗೆ ಅವನ ತೊಡೆ ಲಾಂದ್ರದಂತೆ ಬೆಳಗತೊಡಗಿತು.

"ಏನಣ್ಣಾ, ಸೂರ್ಯನ್ನೇ ಜೇಬಲ್ಲಿಟ್ಕೊಂಡ್ ಹೊರಟ್ಯಾ?" ಎಂದ ಕಂಡಕ್ಟರು. ಜನ ನಕ್ಕರು. ನಗು ನಿಲ್ಲುವ ಮೊದಲೇ ಜೇಬು ಕೆಂಡವಾಯಿತು. ಮೀಟರಣ್ಣ ಎರಡು ಸ್ಟಾಪು ಮೊದಲೇ ಧುಮುಕಿ, ರಸ್ತೆಬದಿಯಲ್ಲಿ ಒಂಟಿಕಾಲಲ್ಲಿ ಕುಣಿದ. ಟೀಚರಮ್ಮನ ಗೇಟು ತಲುಪಿದಾಗ ಜೇಬಿನಲ್ಲಿ ನಾಣ್ಯದಷ್ಟಗಲ ತೂತು, ತೊಡೆಯ ಮೇಲೆ ಅಷ್ಟೇ ಅಗಲದ ಬೊಬ್ಬೆ.

ಸಾಹೇಬರು ಆಗಲೇ ಬಂದಿದ್ದರು. ಮೀಟರಣ್ಣ ಗುಂಡಿಯ ಮುಚ್ಚಳ ಎತ್ತಿ, ಮೊಣಕಾಲೂರಿ, ಮೂರು ಸಲ ಒತ್ತಿದ. ಗುಂಡಿಯೊಳಗೆ ಮಧ್ಯಾಹ್ನವಾಯಿತು.

"ಏಳು… ಸೊನ್ನೆ… ಮೂರು… ಮೂರು… ಎಂಟು!"

ಸಾಹೇಬರು ಟಾರ್ಚು ಕಿತ್ತುಕೊಂಡು, ತಾವೂ ಬಗ್ಗಿ, ಬಹಳ ಹೊತ್ತು ನೋಡಿ, ಎದ್ದು ಪ್ಯಾಂಟು ಕೊಡವಿದರು. "ಸರಿಯಾಗೇ ಓದಿದ್ದಾನೆ ಮೇಡಂ. ನೀರು ಖರ್ಚು ಮಾಡಿರೋದು ನೀವೇ."

ಮೀಟರಣ್ಣನ ಎದೆ ಒಂದು ಗೇಣು ಉಬ್ಬಿತು.

ಟೀಚರಮ್ಮ ಎರಡು ಹೆಜ್ಜೆ ಮುಂದೆ ಬಂದು, ನಿಂತಲ್ಲಿಂದಲೇ ಗುಂಡಿಗೆ ಕಣ್ಣು ಹಾಯಿಸಿದರು. "ಅದು ಕಾರ್ಖಾನೇಲಿ ಮೀಟರಿಗೆ ಕೊಟ್ಟಿರೋ ನಂಬರು ಕಣಪ್ಪಾ. ನೂರು ವರ್ಷ ಆದ್ರೂ ಬದಲಾಗಲ್ಲ. ನೀರಿನ ಲೆಕ್ಕ ಅದರ ಮೇಲಿರೋ ಸಾಲು. ಇವನಿಗಂತೂ ಕಾಣಲಿಲ್ಲ. ನಿಮಗೂ ಕಾಣಲ್ವಾ?"

ಸಾಹೇಬರು ಕತ್ತು ಕೆರೆದುಕೊಂಡರು. "ಏನಿಲ್ಲ ಮೇಡಂ… ಬೆಳಕು ಸಾಲದು."

ಮೀಟರಣ್ಣ ಥಟ್ಟನೆ ತಲೆ ಎತ್ತಿ ಸಾಹೇಬರನ್ನು ನೋಡಿದ. ಸಾಹೇಬರು ಆಕಾಶ ನೋಡಿದರು.

ಟೀಚರಮ್ಮ ಅಂದೇ ದೊಡ್ಡ ಆಫೀಸಿಗೆ ದುಂಡು ಅಕ್ಷರದಲ್ಲಿ ಎರಡು ಪುಟ ಬರೆದು ಹಾಕಿದರು. ಸೋಮವಾರ ಮೀಟರಣ್ಣ ನೆಲಮಾಳಿಗೆಗೆ ಇಳಿದ. ಬುಧವಾರ ಬೆಳಗ್ಗೆ ಮೆಟ್ಟಿಲ ಮೇಲೆ ಪಳ್ಳನೆ ಬೆಳಕು ಬಿತ್ತು. ಸಾಹೇಬರು ಇಳಿದು ಬರುತ್ತಿದ್ದರು. ದೊಡ್ಡ ಆಫೀಸು ಅವರನ್ನೂ ಫೈಲು ಜೋಡಿಸಲು ಕಳಿಸಿತ್ತು. ಅವರ ಕೈಯಲ್ಲೂ ಹೆಬ್ಬೆರಳಷ್ಟು ಟಾರ್ಚು. ಎರಡು ವರ್ಷದಿಂದ ಅದು ಅವರ ಜೇಬಿನಲ್ಲೇ ಇತ್ತಂತೆ. ಪ್ಯಾಂಟಿನಲ್ಲಿ ಅದೇ ಅಳತೆಯ ತೂತು.

ಇಬ್ಬರೂ ಒಂದೇ ಫೈಲಿನ ಮೇಲೆ ಎರಡೂ ಟಾರ್ಚು ಹಿಡಿದು ಬಗ್ಗಿದರು.

"ಏನ್ ಬರೆದಿದೆಯೋ?"

"ಗೊತ್ತಾಗಲ್ಲ ಸಾರ್. ಬೆಳಕು…"

"ಸಾಲದು. ನಾನೂ ಅದೇ ಅಂದ್ಕೊಂಡೆ."

ಆ ಬುಧವಾರ ಮಧ್ಯಾಹ್ನ ಇಬ್ಬರೂ ಅರ್ಧ ದಿನ ರಜೆ ಬರೆದಿಟ್ಟು, ಒನಕೆಯಂಥ ಟಾರ್ಚು ತರಲು ಜೊತೆಯಾಗಿ ಹೊರಟುಹೋದರು. ದಾರಿಯಲ್ಲಿ ಒಂದು ಕನ್ನಡಕದ ಅಂಗಡಿ ಇತ್ತು. ಅದರ ಬೋರ್ಡು ಇಬ್ಬರಿಗೂ ಕಾಣಲಿಲ್ಲ.