ಬರೀ ಹೊಡೆಯುವವನ ಗೋಳು

ಹೊಡೆದಾಡುವುದಕ್ಕೂ ಓದು ಬೇಕಾಗುವ ಕಾಲ ಬಂದಿದೆ. ಇನ್ನು ನನ್ನಂಥವರು ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ನಾನು ಎಂಟನೆಯ ತರಗತಿಗೇ ಪುಸ್ತಕ ಮಡಚಿಟ್ಟವನು. ಬನಹಟ್ಟಿಯಿಂದ ಸೂರತ್ತಿಗೆ ಬಂದು, ಉಧ್ನಾದ ಒಂದು ಮಗ್ಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೇನೆ. ಮಗ್ಗ ನಿಂತರೆ ಪಾನಾ ಹಿಡಿದು ಹೋಗುತ್ತೇನೆ, ನಟ್ಟು ಬಿಗಿಯುತ್ತೇನೆ, ಅದಕ್ಕೂ ಬಗ್ಗದಿದ್ದರೆ ಒಂದು ಏಟು ಹಾಕುತ್ತೇನೆ. ಹೊರಡುತ್ತದೆ. ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕು ಅಂತ ನನಗೆ ಅನ್ನಿಸಿಯೇ ಇರಲಿಲ್ಲ, ಅಕ್ಕನ ಮಗಳು ಶ್ರುತಿ ನನ್ನನ್ನು ಅವಳ ದಾಳದ ಆಟಕ್ಕೆ ಎಳೆಯುವವರೆಗೆ.

ಭಾವನಿಗೆ ರೈಲ್ವೆ ನೌಕರಿ, ವರ್ಗವಾಗಿ ಇಲ್ಲಿಗೆ ಬಂದವರು. ಭಾನುವಾರ ಅವರ ಮನೆಯಲ್ಲೇ ನನ್ನ ಊಟ. ಜೋಳದ ರೊಟ್ಟಿ ಸಿಗುವ ಮನೆ ಈ ಊರಲ್ಲಿ ನನಗೆ ಅದೊಂದೇ. ಊಟವಾದ ಮೇಲೆ ಆಟ. ಶ್ರುತಿ ಕಥೆ ಹೇಳುತ್ತಾಳೆ, ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರ. ಪಕ್ಕದ ಮನೆಯ ಜಿಗ್ನೇಶ್ ಮಂತ್ರವಾದಿ, ಅವನ ತಂಗಿ ಹೇತಲ್ ಕಳ್ಳಿ. ರಾಕ್ಷಸ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಏಟು ತಗುಲಿತು ಅಂತ ಲೆಕ್ಕ. "ಮಾಮಾ, ನೀವು ಫೈಟರ್ ಆಗಿ. ಅದ್ರಾಗೆ ಓದು ಪಢಾಯಿ ಏನೂ ಇಲ್ಲ," ಅಂದಳು ಶ್ರುತಿ. ಆದೆ. ಹೆಸರು ಕಲ್ಲಪ್ಪ. ಎರಡು ವರ್ಷ ಕಲ್ಲಪ್ಪ ಎಲ್ಲರಿಗಿಂತ ಮುಂದೆ ನಿಂತ. ನನ್ನ ಸರದಿ ಬಂದಾಗ ನಾನು ಆಡುತ್ತಿದ್ದುದು ಒಂದೇ ಮಾತು: "ಹೊಡಿತೀನಿ." ಕಾರ್ಖಾನೆಯಲ್ಲಿ ಮುಂದೆ ನಿಲ್ಲುವವನು ಸೂಪರ್‌ವೈಸರ್, ಬಸ್ಸಿನಲ್ಲಿ ಜೋರಿದ್ದವನು. ನಾನು ಮುಂದೆ ನಿಲ್ಲುತ್ತಿದ್ದುದು ಆ ಆಟದ ಮೇಜಿನ ಮೇಲೆ ಮಾತ್ರ.

ಆಮೇಲೆ ಜಿಗ್ನೇಶ್ ಹೊಸ ನಿಯಮದ ಪುಸ್ತಕ ತಂದ. ಮಂತ್ರವಾದಿಗೆ ನೂರೆಂಟು ಆಟ, ಫೈಟರ್‌ಗೆ ಬರೀ ಹೊಡೆಯುವುದು, ಅವನಿಗೆ ಬೇಸರವಾಗುತ್ತದೆ ಅಂತ ಯಾರೋ ದೂರು ಕೊಟ್ಟರಂತೆ. ನಾನಂತೂ ಕೊಟ್ಟಿಲ್ಲ. ಅದಕ್ಕೇ ಈಗ ಫೈಟರ್‌ಗೂ ಕೈಚಳಕ, ಪಟ್ಟು, ವರಸೆ ಅಂತ ಹಾಳೆಗಟ್ಟಲೆ ಕೊಟ್ಟಿದ್ದಾರೆ, ಎಲ್ಲ ಇಂಗ್ಲಿಷಿನಲ್ಲಿ. "ಈಗ ನಿಮಗೂ ಇಜ್ಜತ್ ಬಂತು ಮಾಮಾ!" ಅಂತ ಶ್ರುತಿ ಕುಣಿದಳು. ಆ ಮರ್ಯಾದೆಯನ್ನು ಓದುವವರು ಯಾರು? ಓದದೆಯೇ ಹೂಂ ಅಂತ ತಲೆಯಾಡಿಸಿದೆ.

ಮುಂದಿನ ವಾರ ಕಥೆಯಲ್ಲಿ ಒಂದು ಸೇತುವೆ. ಎದುರಿಗೆ ದೈತ್ಯ. ಕಲ್ಲಪ್ಪ ಸೇತುವೆಯ ನಡುವೆ ನಿಂತ. ಹಿಂದೆ ಮಂತ್ರವಾದಿ ಗಾಯಗೊಂಡು ಬಿದ್ದಿದ್ದ. ದೈತ್ಯ ನನ್ನ ಪಕ್ಕದಿಂದ, ಮದುವೆ ಮನೆಗೆ ಬಂದವನ ಹಾಗೆ ಆರಾಮಾಗಿ ದಾಟಿಕೊಂಡು ಹೋಗಿ ಮಂತ್ರವಾದಿಯನ್ನು ತುಳಿದು ಕೊಂದೇಬಿಟ್ಟ.

"ಏ, ನಾ ನಿಂತೀನಲ್ಲವಾ ಅಲ್ಲಿ!" ಅಂತ ಎದ್ದೆ.

"ನಿಂತೀರಿ ಮಾಮಾ. ಲೇಕಿನ್ ತಡೀತೀನಿ ಅಂತ ಬೋಲಿಲ್ಲ. ಮೊದ್ಲು ಆ ಪಟ್ಟು ಹೇಳ್ಬೇಕಿತ್ತು," ಅಂದಳು ಶ್ರುತಿ.

"ಸೇತುವೆ ಮ್ಯಾಲ ಕತ್ತಿ ಹಿಡಕೊಂಡು ನಿಂತಾಂವ ಮತ್ತೇನ್ ಗಾಳಿ ತಿನ್ನಾಕ ನಿಂತಿರ್ತಾನನು?"

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಸಣ್ಣ ಹುಡುಗ್ರ ಜೋಡಿ ಯಾಕ ಜಗಳಾಡ್ತಿಯೋ, ನಾಚಿಕಿ ಇಲ್ಲೇನು?" ನಾಚಿಕೆ ಇತ್ತು. ಜಿಗ್ನೇಶ್ ಎರಡು ವರ್ಷದ ತನ್ನ ಮಂತ್ರವಾದಿಯ ಹಾಳೆ ಹರಿದ. ಬೈದಿದ್ದರೆ ಚೆನ್ನಾಗಿತ್ತು. ಹತ್ತು ನಿಮಿಷದಲ್ಲಿ ಅವನು ಹೊಸ ಪಾತ್ರ ಬರೆದುಕೊಂಡ. ಅದೂ ಫೈಟರ್. ತಡೆಯುತ್ತೇನೆ, ಬೀಳಿಸುತ್ತೇನೆ, ಕತ್ತಿ ಕಸಿಯುತ್ತೇನೆ ಅಂತ ಎಲ್ಲ ಪಟ್ಟನ್ನೂ ಪಟಪಟ ಹೇಳಿದ. ಹೇತಲ್ ನನ್ನತ್ತ ನೋಡದೆ ಅಂದಳು, "ಮಾಮಾ ಪೀಛೆ ರಹೇಂಗೇ." ಹಿಂದೆ ಏನಿತ್ತು? ಸಾಮಾನು ಹೊತ್ತ ಹೇಸರಗತ್ತೆ. ಅದರ ಹಗ್ಗವನ್ನು ಕಲ್ಲಪ್ಪನ ಕೈಗೆ ಕೊಟ್ಟರು.

ಶ್ರುತಿಗೆ ಪಾಪ ಅನ್ನಿಸಿರಬೇಕು. ಪುಸ್ತಕದಲ್ಲಿ ಒಂದು ಪುಟ ತೆಗೆದು ತೋರಿಸಿದಳು. "ನೋಡಿ, ಈಸಿ ಫೈಟರ್ ಭೀ ಇದೆ. ಪಟ್ಟು ಗಿಟ್ಟು ಬೇಡ, ಬರೀ ಹೊಡೆಯೋದು."

"ಯಾರಿಗಂತ ಐತದು?"

ಅವಳು ಸ್ವಲ್ಪ ತಡವರಿಸಿದಳು. "ಹೊಸಬರಿಗೆ... ಔರ್... ಜಾಸ್ತಿ ತಲೆ ಓಡ್ಸಿ ಸೋಚ್ ಮಾಡೋದು ಬೇಡ ಅನ್ನೋರಿಗೆ."

ಅದನ್ನು ಬರೆದವನು ನನ್ನನ್ನು ಕಂಡವನಲ್ಲ, ಉಧ್ನಾಕ್ಕೆ ಬಂದವನಲ್ಲ. ಎಲ್ಲೋ ಕೂತು ನನಗಾಗಿ ಒಂದು ಪುಟ ಬರೆದಿಟ್ಟಿದ್ದಾನೆ. ಬೇಡ ಅಂತ ಪುಸ್ತಕ ತಳ್ಳಿದೆ. ಮರುವಾರ ಮಧ್ಯಾಹ್ನವೆಲ್ಲ ಹೇಸರಗತ್ತೆ ಹಿಡಿದು ನಿಂತೆ. ಮುಂದೆ ಯುದ್ಧ, ಗದ್ದಲ, ದಾಳದ ಸದ್ದು. ನನ್ನ ಸರದಿ ಬಂದಾಗ ಶ್ರುತಿ ಕೇಳಿದಳು, "ಕತ್ತೆ ಹೇಗಿದೆ ಮಾಮಾ?" "ಚೆನ್ನಾಗೈತಿ," ಅಂದೆ. ಮೂರು ಸಲ ಕೇಳಿದಳು, ಮೂರು ಸಲವೂ ಕತ್ತೆ ಚೆನ್ನಾಗಿತ್ತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಯಾರಿಗೂ ಕೇಳದ ಹಾಗೆ, ಆ ಪುಟ ಕೊಡು ಅಂದೆ. ಅವಳು ಝೆರಾಕ್ಸ್ ಮಾಡಿಸಿಕೊಟ್ಟಳು. ಭಾನುವಾರದೊಳಗೆ ಓದಿಕೊಂಡು ಬಂದರೆ ಕಲ್ಲಪ್ಪ ಮತ್ತೆ ಮುಂದೆ ನಿಲ್ಲಬಹುದಂತೆ. ನನಗೆ ಬೇಕಾದದ್ದು ಅದರಲ್ಲಿ ಇಂಗ್ಲಿಷಿನ ನಾಲ್ಕೇ ಸಾಲು. ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದುಕೊಟ್ಟಿದ್ದಾಳೆ. ಇವತ್ತು ಶುಕ್ರವಾರ. ನಾನಿನ್ನೂ ಎರಡನೆಯ ಸಾಲಿನಲ್ಲಿದ್ದೇನೆ.