ಚಂಡಮಾರುತಕ್ಕೆ ಹೋದ ಚಪ್ಪಲಿ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸುಲಭ. ಊಟದ ನಡುವೆ ಉಪ್ಪು ತರಲು ಎದ್ದು, ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕಿ, ಉಪ್ಪಿಲ್ಲದೆಯೇ ಮರಳಿ ಬರುವ ಪೈಕಿ ನಾನು. ಭಾನುವಾರ ಚರ್ಚಿನಲ್ಲಿ ಪಾಸ್ಟರ್ ದೀರ್ಘ ಪ್ರಾರ್ಥನೆ ಶುರುಮಾಡಿದರೆ ನನ್ನ ಮೊಣಕಾಲು ತಾನಾಗಿಯೇ ಕುಣಿಯತೊಡಗುತ್ತದೆ. ಬೆಂಚು ಅಲುಗುತ್ತದೆ, ಅದರ ಮೇಲೆ ಕೂತವರ ಭಕ್ತಿಯೂ ಅಲುಗುತ್ತದೆ. "ದೇವರ ಮುಂದರ ಒಂದ್ ಗಳಿಗಿ ಸುಮ್ನ ಕುಂದರ್ರಿ" ಎಂದು ಹೆಂಡತಿ ಸುವರ್ಣಾ ಮದುವೆಯಾದಂದಿನಿಂದ ಹೇಳುತ್ತಲೇ ಇದ್ದಾಳೆ.

ಪೂರ್ವ ಕರಾವಳಿಗೆ ಚಂಡಮಾರುತ ಬಡಿದು ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟಾಗ, ಹಳೇ ಹುಬ್ಬಳ್ಳಿಯ ನಮ್ಮ ಚರ್ಚಿನಿಂದ ಒಂದು ಲಾರಿ ಸಾಮಾನು ಕಳಿಸುವುದೆಂದು ತೀರ್ಮಾನವಾಯಿತು. ಸಂಗ್ರಹದ ಹೊಣೆಯನ್ನು ಪಾಸ್ಟರ್ ನನಗೇ ವಹಿಸಿದರು. ನನ್ನ ಮೇಲಿನ ವಿಶ್ವಾಸಕ್ಕಿಂತ ಬೆಂಚಿನ ಮೇಲಿನ ಕನಿಕರವೇ ಅದಕ್ಕೆ ಕಾರಣವಿರಬೇಕು. ಅಕ್ಕಿ, ಹೊದೆಯಲು ಕೌದಿ, ಸೀರೆ ಎಲ್ಲ ಬಂದವು. ದುರ್ಗದಬೈಲಿನ ಕಿರಾಣಿ ಅಂಗಡಿಯವರೊಬ್ಬರು ಪೆಟ್ಟಿಗೆಗಟ್ಟಲೆ ಸಾಬೂನು ಕೊಟ್ಟರು. ಚಪ್ಪಲಿ ಮಾತ್ರ ಒಂದು ಜೋಡಿಯೂ ಬರಲಿಲ್ಲ. ಅಲ್ಲಿಯ ಜನ ಒಡೆದ ಹೆಂಚಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದಾರೆಂದು ಕೇಳಿ ನನಗೆ ನಿಜಕ್ಕೂ ಸಂಕಟವಾಗಿತ್ತು. "ಐತವಾರ ಬರೂಮುಂದ ಚಪ್ಪಲಿ ತಂದು ಬಾಗಲದ ಬಾಜೂಕ ಇಡ್ರಿ" ಎಂದು ಮನೆಮನೆಗೂ ಹೇಳಿ ಬಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನಮ್ಮ ಚರ್ಚಿನಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುವ ರೂಢಿ. ಅದಕ್ಕೆಂದು ಜಗಲಿಯಲ್ಲಿದ್ದ ಕಟ್ಟಿಗೆಯ ಸ್ಟ್ಯಾಂಡನ್ನು ಸಾಬೂನಿನ ಪೆಟ್ಟಿಗೆ ಜೋಡಿಸಲು ಒಳಗಿನ ಕೋಣೆಗೆ ಎಳೆದೊಯ್ದೆ.

ಭಾನುವಾರ ದೀರ್ಘ ಪ್ರಾರ್ಥನೆ ಶುರುವಾಗುವುದಕ್ಕೂ ಹೊರಗೆ, ಬೆಳಿಗ್ಗೆಯೇ ಉಳಿದ ಸಾಮಾನು ಹೇರಿಕೊಂಡಿದ್ದ ಲಾರಿಯ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ಇಂಥ ಸಂದರ್ಭಕ್ಕೆಂದೇ ನಾನು ನನ್ನ ಚಪ್ಪಲಿಯನ್ನು ಯಾವಾಗಲೂ ಪಕ್ಕದ ಬಾಗಿಲಲ್ಲಿ ಬಿಟ್ಟಿರುತ್ತೇನೆ. ಮೆಲ್ಲಗೆ ಜಾರಿಕೊಂಡು ಮುಂಬಾಗಿಲಿಗೆ ಬಂದರೆ ಜಗಲಿಯ ಮೇಲೆ ಚಪ್ಪಲಿಗಳ ರಾಶಿ. ಕೊನೆಗೂ ನಮ್ಮವರ ಮನಸ್ಸು ಕರಗಿತಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಅದರಲ್ಲೂ ಎಷ್ಟು ಒಳ್ಳೊಳ್ಳೆಯ ಚಪ್ಪಲಿಗಳು. ಜೋಡಿ ತಪ್ಪದಂತೆ ಕಟ್ಟಿ, ಚೀಲ ತುಂಬಿ, ಲಾರಿ ಹತ್ತಿಸಿ ಕಳಿಸಿದೆ. "ಆಮೆನ್" ಹೇಳುವ ಹೊತ್ತಿಗೆ ಬೆಂಚಿನ ಮೇಲೆ ವಾಪಸ್ಸಿದ್ದೆ.

ಆರಾಧನೆ ಮುಗಿದು ಜನ ಹೊರಗೆ ಬಂದರು. ಸಕ್ಕರೆ ಕಾಯಿಲೆಯ ರಾಹೇಲಮ್ಮ ಬಾಗಿಲಲ್ಲೇ ನಿಂತರು. ಅವರ ಅಂಗಾಲಿನಲ್ಲಿ ಮಾಯದ ಹುಣ್ಣು. ಪಾದದ ಅಳತೆಗೆ ಹೊಲಿಸಿದ ಮೆತ್ತನೆಯ ಚಪ್ಪಲಿ ಇಲ್ಲದೆ ಹೊರಗೆ ಹೆಜ್ಜೆ ಇಡಕೂಡದೆಂದು ಡಾಕ್ಟರರ ಕಟ್ಟಪ್ಪಣೆ.

"ನನ್ನ ಚಪ್ಪಲಿ ಎಲ್ಲೂ ಕಾಣವಲ್ಲುವಲ್ಲಪಾ" ಎಂದರು.

ಆಗ ನನಗೆ ಸ್ಟ್ಯಾಂಡಿನ ನೆನಪಾಯಿತು. ಇದ್ದದ್ದನ್ನು ಇದ್ದಂತೆ ಎಲ್ಲರಿಗೂ ಹೇಳಿ, ಲಾರಿ ಡ್ರೈವರನಿಗೆ ಫೋನ್ ಮಾಡಿದೆ. ಗದಗ ರಸ್ತೆಯಲ್ಲಿ ಚಹಾಕ್ಕೆ ನಿಂತಿದ್ದನಂತೆ. "ಲಗೂ ಬರ್ರಿ ಸಾಹೇಬ್ರ, ಭಾಳ ಹೊತ್ತ ನಿಲ್ಲಾಕ ಆಗಂಗಿಲ್ಲ" ಎಂದ.

ಪಾಸ್ಟರ್ ಒಂದು ನಿಟ್ಟುಸಿರು ಬಿಟ್ಟರು. "ಹಳೇದಲ್ಲ, ಛಲೋದನ್ನ ಕೊಡ್ರಿ ಅಂತ ಇವತ್ತ ನಾನ ಪ್ರಸಂಗ ಮಾಡೇನಿ. ಈಗ ಹೆಂಗ ವಾಪಸ್ ಕೇಳೂದು? ರಾಹೇಲಮ್ಮಾರವು ಅಷ್ಟ ತೊಗೊಂಡ ಬರ್ರಿ. ಉಳಿದವು ಹೋಗಲಿ."

ಯಾರೂ ಬೇಡವೆನ್ನಲಿಲ್ಲ. ಎನ್ನುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. ಅಂಗಳದ ಫರಸಿ ಕಲ್ಲು ಬಿಸಿಲಿಗೆ ಕಾದು ಹಂಚಾಗಿತ್ತು. ಪಾಸ್ಟರ್, ಹಿರಿಯರು, ಗಾಯಕವೃಂದ, ಎಲ್ಲರೂ ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಎತ್ತುತ್ತ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದರು. ಇಡೀ ಸಭೆಗೆ ನನ್ನ ರೋಗ ಅಂಟಿತ್ತು. ನಡುವೆ ಚಪ್ಪಲಿ ಮೆಟ್ಟಿಕೊಂಡು, ನಾಚಿಕೆಗೆ ಕಲ್ಲಾಗಿ ನಿಂತವನು ನಾನೊಬ್ಬನೇ. ಎಲ್ಲರ ಕಣ್ಣೂ ಒಂದೊಂದಾಗಿ ನನ್ನ ಪಾದಗಳ ಮೇಲೆ ಬಂದು ಕೂತವು.

ಸುವರ್ಣಾ ಬರಿಗಾಲಲ್ಲೇ ಹತ್ತಿರ ಬಂದು ಸ್ಕೂಟರಿನ ಕೀಲಿ ನನ್ನ ಕೈಯಲ್ಲಿಟ್ಟಳು.

"ಇಷ್ಟ ವರ್ಷದಾಗ ಇವತ್ತ ಒಂದ ಕಡೆ ಸುಮ್ನ ನಿಂತೀರಿ" ಎಂದಳು. "ಇವತ್ತ ನಿಲ್ಲಬ್ಯಾಡ್ರಿ. ಓಡ್ರಿ."

ಓಡಿದೆ. ರಾಹೇಲಮ್ಮನ ಚಪ್ಪಲಿ ಚೀಲದ ತಳದಲ್ಲಿ ಸಿಕ್ಕಿತು. ಮದುವೆಯಾದಂದಿನಿಂದ ಸುವರ್ಣಾ ಹೇಳಿದ್ದರಲ್ಲಿ ನಾನು ಒಂದೇ ಮಾತಿಗೆ ಕೇಳಿದ್ದು ಅದೊಂದನ್ನೇ.